ಮುಕ್ತ ತಂತ್ರಾಂಶ, ಸ್ಪ್ಯಾಮ್, ಆನ್‌ಲೈನ್ ಸುರಕ್ಷತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲೇ ಇಲ್ಲಿ ಜೋಡಿಸಲಾಗಿದೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ. ಯಾವ ಉತ್ತರವನ್ನಾದರೂ ಒಂಟಿಯಾಗಿ ಓದಬಹುದು. ಹಣ ಕಳೆದುಕೊಂಡು ಗಾಬರಿಯಲ್ಲಿ ಬಂದಿದ್ದರೆ ನೇರವಾಗಿ ‘ದುಡ್ಡು ಹೋಯ್ತು’ ಎಂಬ ಪ್ರಶ್ನೆಗೆ ಹೋಗಿ, ಉಳಿದದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಓಪನ್ ಸೋರ್ಸ್ ಅಂದ್ರೆ ಪುಕ್ಕಟೆ ಅಂತಲೇನಾ? ಆಮೇಲೆ ದುಡ್ಡು ಕೇಳಲ್ವಾ?

ಕೇಳುವುದಿಲ್ಲ. ಕಚೇರಿ ಕೆಲಸದ ಲಿಬ್ರೆ ಆಫೀಸ್, ವಿಡಿಯೋ ನೋಡುವ ವಿಎಲ್‌ಸಿ, ಜಾಲ ತಡಕುವ ಫೈರ್‌ಫಾಕ್ಸ್, ಚಿತ್ರ ತಿದ್ದುವ ಜಿಂಪ್ ಇವುಗಳಿಗೆ ಮೂವತ್ತು ದಿನದ ಗಡುವೂ ಇಲ್ಲ, ಸೀರಿಯಲ್ ನಂಬರೂ ಇಲ್ಲ. ಆದರೆ ಪುಕ್ಕಟೆ ಎನ್ನುವುದು ಇದರ ಮುಖ್ಯ ಗುಣವಲ್ಲ. ತಂತ್ರಾಂಶದ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಪರವಾನಗಿಯೇ ಬರೆದುಕೊಡುತ್ತದೆ. ಓಪನ್ ಆಫೀಸ್ ಯೋಜನೆಯ ನಡೆ ಹಿಡಿಸದವರು 2010ರಲ್ಲಿ ಅದೇ ಸಂಕೇತ ಎತ್ತಿಕೊಂಡು ಲಿಬ್ರೆ ಆಫೀಸ್ ಶುರು ಮಾಡಿದರು. ಆ ಹಕ್ಕು ಇದ್ದುದರಿಂದಲೇ ಬಳಕೆದಾರರು ನಡುನೀರಿನಲ್ಲಿ ಉಳಿಯಲಿಲ್ಲ. ಅಭಿವೃದ್ಧಿಯ ಖರ್ಚು ದೇಣಿಗೆ, ಕಂಪನಿಗಳ ನೆರವು, ಬೆಂಬಲ ಸೇವೆಗಳಿಂದ ನಡೆಯುತ್ತದೆ. ಫೈರ್‌ಫಾಕ್ಸ್‌ನ ಆದಾಯದ ದೊಡ್ಡ ಪಾಲು ಗೂಗಲ್ ಜೊತೆಗಿನ ಹುಡುಕಾಟದ ಒಪ್ಪಂದದ್ದು. ಒಬ್ಬರು ಇವನ್ನು ಸಿಡಿಗೆ ಹಾಕಿ ಮಾರಿದರೂ ಪರವಾನಗಿ ಅಡ್ಡ ಬರುವುದಿಲ್ಲ. ನೀವು ಕೊಳ್ಳಬೇಕಾದ ಅಗತ್ಯವಿಲ್ಲ, ಅಷ್ಟೆ.

ವಿಎಲ್‌ಸಿ ಡೌನ್‌ಲೋಡ್ ಮಾಡೋಕೆ ಹೋದ್ರೆ ಹತ್ತು ಸೈಟ್ ಬರುತ್ತೆ. ಅಸಲಿ ಯಾವುದು?

ಹುಡುಕಾಟದ ಪುಟದಲ್ಲಿ ಮೊದಲು ಕಾಣುವ ‘ಪ್ರಾಯೋಜಿತ’ ಕೊಂಡಿಗಳನ್ನು ಬಿಟ್ಟುಬಿಡಿ. ನಕಲಿ ತಾಣದವರು ದುಡ್ಡು ಕೊಟ್ಟು ಅಲ್ಲಿ ಕೂರುವುದು ಹಳೆಯ ಉಪಾಯ. ವಿಎಲ್‌ಸಿಯ ಸ್ವಂತ ತಾಣ ವಿಡಿಯೋಲ್ಯಾನ್ ಡಾಟ್ ಆರ್ಗ್. ಲಿಬ್ರೆ ಆಫೀಸ್‌ನದು ಲಿಬ್ರೆಆಫೀಸ್ ಡಾಟ್ ಆರ್ಗ್. 2022ರಲ್ಲಿ ಹಲವು ತಿಂಗಳು ವಿಡಿಯೋಲ್ಯಾನ್ ತಾಣ ಭಾರತದಲ್ಲಿ ತೆರೆಯುತ್ತಿರಲಿಲ್ಲ, ಆ ವರ್ಷದ ನವೆಂಬರ್‌ನಲ್ಲಿ ತಡೆ ತೆರವಾಯಿತು. ಅಸಲಿ ತಾಣ ಸಿಗದಿದ್ದಾಗ ಜನ ಕಂಡ ಕಂಡ ಕಡೆಯಿಂದ ಇಳಿಸಿಕೊಳ್ಳುತ್ತಾರೆ, ಆಗಲೇ ಅಪಾಯ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್, ವಿಂಡೋಸ್ ಜಾಗದಲ್ಲಿ ಬಳಸಬಹುದಾದ ಮುಕ್ತ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಅದರದೇ ಸಾಫ್ಟ್‌ವೇರ್ ಮ್ಯಾನೇಜರ್ ಬಳಸಿದರೆ ಈ ಹುಡುಕಾಟವೇ ಬೇಕಿಲ್ಲ.

ವಿಂಡೋಸ್ 10 ನಿಂತುಹೋಯ್ತಂತೆ. ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕ್ಬೇಕಾ?

ಬೇಡ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ 2026ರ ಅಕ್ಟೋಬರ್ 13ರ ತನಕ ಇದೆ, ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಹೆಸರು ನೋಂದಾಯಿಸಬೇಕು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಸ್ವಲ್ಪ ಹೊಸ ಪ್ರೊಸೆಸರ್ ಬೇಕಾದ್ದರಿಂದ ಹಳೆಯ ಯಂತ್ರಗಳು ಹೊರಗುಳಿಯುತ್ತವೆ.

ಅಂಥ ಯಂತ್ರಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಮಿಂಟ್ ಹೊಂದುತ್ತದೆ. ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್ ಸಾಕು ಎನ್ನುತ್ತಾರೆ. ನೆಮ್ಮದಿಯಾಗಿ ಬಳಸಲು 4 ಜಿಬಿ ಇರಲಿ. ಅದಕ್ಕಿಂತ ಕಡಿಮೆ ಇದ್ದರೆ ಮಿಂಟ್‌ನ ಸಿನಮನ್ ಆವೃತ್ತಿಯ ಬದಲು ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಸಿಗುವಷ್ಟು ವೇಗ ಬೇರೆ ಯಾವ ಬದಲಾವಣೆಯಿಂದಲೂ ಸಿಗುವುದಿಲ್ಲ.

ಮೊದಲು ಫೋಟೋ, ಕಡತಗಳನ್ನು ಬೇರೆ ಡಿಸ್ಕ್‌ಗೆ ನಕಲಿಸಿ. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅಥವಾ ವೆಂಟಾಯ್ ಎಂಬ ಸಾಧನದಿಂದ ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಕಡತ) ಬರೆಯಿರಿ. ಪೆನ್‌ಡ್ರೈವ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಯಂತ್ರ ಆನ್ ಆಗುವಾಗ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಪಟ್ಟಿ ಬರುತ್ತದೆ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸದ್ದು, ಟಚ್‌ಪ್ಯಾಡ್, ಪ್ರಿಂಟರ್ ಪರೀಕ್ಷಿಸಿ. ಎಲ್ಲ ಸರಿಯಿದ್ದರೆ ಮಾತ್ರ ‘ಇನ್‌ಸ್ಟಾಲ್’.

ವಿಂಡೋಸನ್ನೂ ಉಳಿಸಿಕೊಳ್ಳುವವರು ಎರಡು ಕಡೆ ಎಡವುತ್ತಾರೆ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಶನ್’ ಆನ್ ಇದ್ದರೆ ರಿಕವರಿ ಕೀಲಿಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಮೊದಲೇ ಕಾಗದಕ್ಕೆ ಬರೆದುಕೊಳ್ಳಿ, ಇಲ್ಲದಿದ್ದರೆ ಡಿಸ್ಕ್ ವಿಭಾಗ ಬದಲಿಸಿದ ಮೇಲೆ ವಿಂಡೋಸ್ ಬಾಗಿಲು ತೆಗೆಯದೇ ಹೋಗಬಹುದು. ಎರಡನೆಯದು ‘ಫಾಸ್ಟ್ ಸ್ಟಾರ್ಟಪ್’. ಅದನ್ನು ಪವರ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಗೆ ಹೋಗುತ್ತದೆ, ಆಗ ಲಿನಕ್ಸ್‌ನಲ್ಲಿ ಆ ಡ್ರೈವ್ ತೆರೆದರೂ ಬರೆಯಲು ಬಿಡುವುದಿಲ್ಲ.

ಲಿನಕ್ಸ್ ಹಾಕಿದ್ಮೇಲೆ ವಿಂಡೋಸಲ್ಲಿ ಟೈಮ್ ಐದೂವರೆ ಗಂಟೆ ಹಿಂದಕ್ಕೆ ಹೋಗುತ್ತೆ. ಬ್ಯಾಟರಿ ಹೋಯ್ತಾ?

ಬ್ಯಾಟರಿ ಚೆನ್ನಾಗಿದೆ. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ವ್ಯತ್ಯಾಸ ಸರಿಯಾಗಿ 5 ಗಂಟೆ 30 ನಿಮಿಷ ಇದ್ದರೆ ಕಾರಣ ಇದೇ. ಲಿನಕ್ಸ್ ಟರ್ಮಿನಲ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯ ‘ಸೆಟ್-ಲೋಕಲ್-ಆರ್‌ಟಿಸಿ’ ಆಯ್ಕೆಗೆ 1 ಕೊಟ್ಟರೆ ಎರಡೂ ಒಪ್ಪಂದಕ್ಕೆ ಬರುತ್ತವೆ.

ಲಿನಕ್ಸಲ್ಲಿ ಟ್ಯಾಲಿ ನಡೆಯುತ್ತಾ? ಡಿಎಸ್‌ಸಿ ಡಾಂಗಲ್?

ಟ್ಯಾಲಿ ವಿಂಡೋಸ್‌ಗಾಗಿಯೇ ಮಾಡಿದ್ದು. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮೂಲಕ ಓಡಿಸುವ ಸಾಹಸ ಲೆಕ್ಕದ ಕೆಲಸಕ್ಕೆ ಬೇಡ. ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ ಇದ್ದರೂ ಸರ್ಕಾರಿ ಪೋರ್ಟಲ್‌ಗಳ ಸಹಿ ತಂತ್ರಾಂಶ ಕೈಕೊಡುವುದೇ ಹೆಚ್ಚು. ರಿಟರ್ನ್ ಸಲ್ಲಿಸುವ ಯಂತ್ರದಲ್ಲಿ ವಿಂಡೋಸ್ 11 ಇರಲಿ, ಮನೆಮಂದಿ ಬಳಸುವುದರಲ್ಲಿ ಲಿನಕ್ಸ್ ಇರಲಿ.

## ಕನ್ನಡ ಬರೆಯಲು, ಓದಲು

ನುಡಿಯಲ್ಲಿ ಟೈಪ್ ಮಾಡಿದ ಹಳೇ ಫೈಲ್ ಬರೀ ಇಂಗ್ಲಿಷ್ ಕಸದ ಥರ ಕಾಣುತ್ತೆ. ಹಾಳಾಗಿದೆಯಾ?

ಹಾಳಾಗಿಲ್ಲ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ, ಅಂದರೆ ಯೂನಿಕೋಡ್, ರೂಢಿಗೆ ಬರುವ ಮೊದಲಿನ ನುಡಿ, ಬರಹ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಆ ಫಾಂಟ್ ಹಾಕಿಕೊಂಡರೆ ಓದಲು ಅಡ್ಡಿಯಿಲ್ಲ, ಆದರೆ ಹುಡುಕಲು, ಮೊಬೈಲ್‌ನಲ್ಲಿ ತೋರಿಸಲು, ಜಾಲತಾಣಕ್ಕೆ ಏರಿಸಲು ಆಗದು. ಅದಕ್ಕೆ ಯೂನಿಕೋಡ್‌ಗೆ ಬದಲಿಸಬೇಕು. ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ, ಮುಕ್ತ ತಂತ್ರಾಂಶದ ಪರಿವರ್ತಕಗಳೂ ಇವೆ.

ಪರಿವರ್ತನೆಯಲ್ಲಿ ಕೆಡುವ ಜಾಗಗಳು ಗೊತ್ತಿರುವಂಥವೇ. ಮೊದಲನೆಯದು ಅರ್ಕಾವತ್ತು. ಹಳೆಯ ಫಾಂಟ್‌ನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ಬಳಿಕ, ಅರ್ಕಾವತ್ತು ದಾಖಲಾಗಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು ಬರಬೇಕು. ‘ವರ್ಷ’, ‘ಸೂರ್ಯ’, ‘ಕಾರ್ಯ’ ಪದಗಳನ್ನು ಹುಡುಕಿ ನೋಡಿದರೆ ಪರಿವರ್ತಕದ ಗುಣಮಟ್ಟ ತಿಳಿಯುತ್ತದೆ. ಎರಡನೆಯದು, ಕಡತದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡದ ಕಸವಾಗುತ್ತವೆ. ಪೂರ್ತಿ ಕಡತವನ್ನು ಒಮ್ಮೆಗೇ ಕೊಡದೆ, ಲಿಬ್ರೆ ಆಫೀಸ್‌ನ ‘ಫೈಂಡ್ ಆಂಡ್ ರಿಪ್ಲೇಸ್’ನಲ್ಲಿ ಫಾಂಟ್ ಹೆಸರಿನಿಂದ ಹುಡುಕಿ, ನುಡಿ ಫಾಂಟ್ ಇರುವ ಭಾಗವನ್ನಷ್ಟೇ ಬದಲಿಸಿ. ಮೂಲ ಕಡತವನ್ನು ಎಂದೂ ಅಳಿಸಬೇಡಿ.

ಕಡತವೇ ಇಲ್ಲ, ಮುದ್ರಿತ ಪುಟ ಮಾತ್ರ ಇದೆ ಎಂದಾದರೆ ಚಿತ್ರದಲ್ಲಿನ ಅಕ್ಷರ ಗುರುತಿಸುವ (ಒಸಿಆರ್) ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. ಕರಡು ತಿದ್ದುವ ಕೆಲಸ ಹೇಗೂ ತಪ್ಪದು.

ನನಗೆ ನುಡಿ ಕೀಬೋರ್ಡೇ ರೂಢಿ. ಲಿನಕ್ಸಲ್ಲಿ ಸಿಗುತ್ತಾ?

ಸಿಗುತ್ತದೆ, ಕೆಜಿಪಿ (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಿನಲ್ಲಿ. ಕೀಬೋರ್ಡ್ ಭಾಷೆ ಬದಲಿಸುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಮರಳಿ ಬನ್ನಿ. ಐಬಸ್ ಪ್ರಿಫರೆನ್ಸಸ್‌ನಲ್ಲಿ ‘ಇನ್‌ಪುಟ್ ಮೆಥಡ್’ ತೆರೆದು ಕನ್ನಡ, ಕೆಜಿಪಿ ಸೇರಿಸಿ. ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಒತ್ತಕ್ಷರಕ್ಕೆ ಎಫ್ ಕೀಲಿ, ನುಡಿಯಲ್ಲಿದ್ದಂತೆಯೇ: ಪಿ, ಎಫ್, ಆರ್ ಒತ್ತಿದರೆ ‘ಪ್ರ’. ಲಾಗ್‌ಔಟ್ ಮಾಡದೆ ‘ಪಟ್ಟಿಯಲ್ಲಿ ಕನ್ನಡ ಇಲ್ಲ’ ಎನ್ನುವವರೇ ಹೆಚ್ಚು.

## ಸ್ಪ್ಯಾಮ್

ಸ್ಪ್ಯಾಮ್ ಮೇಲ್‌ನ ಕೆಳಗಿರೋ ‘ಅನ್‌ಸಬ್‌ಸ್ಕ್ರೈಬ್’ ಒತ್ತಬಹುದಾ?

ಕಳಿಸಿದವರು ಯಾರೆಂದು ನಿಮಗೆ ಗೊತ್ತಿದ್ದರೆ ಒತ್ತಿ. ನೀವೇ ಎಂದೋ ಖರೀದಿಸಿದ ಅಂಗಡಿ, ಚಂದಾದಾರರಾಗಿದ್ದ ಪತ್ರಿಕೆ ಆದರೆ ಅದು ಕೆಲಸ ಮಾಡುತ್ತದೆ. 2024ರ ಫೆಬ್ರವರಿಯಿಂದ, ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕೂ ಹೆಚ್ಚು ಮೇಲ್ ಕಳಿಸುವವರು ಪ್ರಚಾರದ ಮೇಲ್‌ಗಳಲ್ಲಿ ಒಂದೇ ಒತ್ತಿಗೆ ಬಿಡುಗಡೆಯಾಗುವ ಸೌಲಭ್ಯ ಇಡಲೇಬೇಕು ಎಂದು ಗೂಗಲ್ ನಿಯಮ ಮಾಡಿದೆ. ಆ ಗುಂಡಿ ಮೇಲ್‌ನ ಮೇಲ್ಭಾಗದಲ್ಲಿ, ಕಳಿಸಿದವರ ಹೆಸರಿನ ಪಕ್ಕದಲ್ಲೇ ಕಾಣುತ್ತದೆ.

ಗುರುತಿಲ್ಲದವರ ಮೇಲ್ ಆದರೆ ಒಳಗಿನ ಯಾವ ಕೊಂಡಿಯನ್ನೂ ಮುಟ್ಟಬೇಡಿ, ‘ರಿಪೋರ್ಟ್ ಸ್ಪ್ಯಾಮ್’ ಒತ್ತಿ. ಕೊಂಡಿ ಒತ್ತಿದರೆ ‘ಈ ವಿಳಾಸದಲ್ಲಿ ಜೀವಂತ ಮನುಷ್ಯ ಇದ್ದಾನೆ’ ಎಂದು ತಿಳಿಸಿದಂತೆ. ಮೇಲ್‌ನಲ್ಲಿ ಅಡಗಿಸಿದ ಒಂದು ಚುಕ್ಕಿಯಷ್ಟು ಚಿತ್ರವೂ ನೀವು ತೆರೆದದ್ದನ್ನು ಹೇಳಿಬಿಡಬಲ್ಲದು. ಥಂಡರ್‌ಬರ್ಡ್ ಹೊರಗಿನ ಚಿತ್ರಗಳನ್ನು ತಾನಾಗಿಯೇ ತಡೆಯುತ್ತದೆ, ಜಿಮೇಲ್‌ನಲ್ಲಿ ‘ಆಸ್ಕ್ ಬಿಫೋರ್ ಡಿಸ್‌ಪ್ಲೇಯಿಂಗ್’ ಆರಿಸಬೇಕು. ಅಸಲಿ ಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿದೆಯೇ ಎಂದು ಆಗಾಗ ನೋಡಿ, 30 ದಿನಕ್ಕೆ ಅಲ್ಲಿರುವುದು ಅಳಿಸಿಹೋಗುತ್ತದೆ.

ನನ್ನ ಐಡಿಯಿಂದಲೇ ನನಗೆ ಮೇಲ್ ಬಂದಿದೆ. ‘ನಿಮ್ಮ ವಿಡಿಯೋ ಇದೆ, ಬಿಟ್‌ಕಾಯಿನ್ ಕೊಡಿ’ ಅಂತ. ನನ್ನ ಹಳೇ ಪಾಸ್‌ವರ್ಡ್ ಕೂಡ ಬರೆದಿದ್ದಾರೆ!

ವಿಡಿಯೋ ಇಲ್ಲ. ಇದೇ ಒಕ್ಕಣೆ ಲಕ್ಷಾಂತರ ಜನಕ್ಕೆ ಹೋಗುತ್ತದೆ. ‘ಕಳಿಸಿದವರು’ ಎಂಬ ಜಾಗದಲ್ಲಿ ಯಾರ ವಿಳಾಸ ಬೇಕಾದರೂ ಬರೆಯಬಹುದು, ಅಂಚೆ ಲಕೋಟೆಯ ಹಿಂದೆ ಸುಳ್ಳು ವಿಳಾಸ ಬರೆದ ಹಾಗೆ. ಜಿಮೇಲ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ನೋಡಿದರೆ ಕಳಿಸಿದವರ ಗುರುತು ತಪಾಸಿಸುವ ಎಸ್‌ಪಿಎಫ್, ಡಿಮಾರ್ಕ್ ಎದುರು ‘ಫೇಲ್’ ಎಂದಿರುತ್ತದೆ. ಪಾಸ್‌ವರ್ಡ್ ಯಾವುದೋ ಜಾಲತಾಣದಿಂದ ಹಿಂದೆ ಸೋರಿಕೆಯಾದದ್ದು. ‘ಹ್ಯಾವ್ ಐ ಬೀನ್ ಪೋನ್ಡ್’ ತಾಣದಲ್ಲಿ ಮೇಲ್ ವಿಳಾಸ ಹಾಕಿದರೆ ಎಲ್ಲಿಂದ ಸೋರಿತೆಂದು ಸಾಮಾನ್ಯವಾಗಿ ತಿಳಿಯುತ್ತದೆ. ಆ ಪಾಸ್‌ವರ್ಡ್ ಇನ್ನೂ ಎಲ್ಲಾದರೂ ಬಳಕೆಯಲ್ಲಿದ್ದರೆ ಇವತ್ತೇ ಬದಲಿಸಿ. ಉತ್ತರ ಬರೆಯಬೇಡಿ, ಹಣ ಕೊಡಬೇಡಿ.

ಸ್ಕ್ರೀನ್ ಮೂಲೆಯಲ್ಲಿ ‘5 ವೈರಸ್ ಸಿಕ್ಕಿವೆ’ ಅಂತ ಬರ್ತಾನೇ ಇರುತ್ತೆ. ಫಾರ್ಮ್ಯಾಟ್ ಮಾಡಿಸ್ಬೇಕಾ?

ಹೆಚ್ಚಿನ ಸಲ ವೈರಸ್ಸೇ ಇರುವುದಿಲ್ಲ. ಯಾವುದೋ ಪುಟದಲ್ಲಿ ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೌ ಒತ್ತಿ’ ಎಂದದ್ದನ್ನು ನಂಬಿ ಒತ್ತಿರುತ್ತೀರಿ. ಆ ತಾಣಕ್ಕೆ ಸೂಚನೆ ಕಳಿಸುವ ಅನುಮತಿ ಸಿಕ್ಕಿದೆ, ಅಷ್ಟೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್. ಅಲ್ಲಿ ಅನುಮತಿ ಪಡೆದ ತಾಣಗಳ ಪಟ್ಟಿಯಿಂದ ಪರಿಚಯವಿಲ್ಲದ್ದನ್ನೆಲ್ಲ ತೆಗೆದುಹಾಕಿ. ಅಂಗಡಿಗೆ ಒಯ್ದು ಫಾರ್ಮ್ಯಾಟ್‌ಗೆ ದುಡ್ಡು ತೆರುವ ಮುಂಚೆ ಈ ಎರಡು ನಿಮಿಷದ ಕೆಲಸ ಮಾಡಿ ನೋಡಿ.

ಇಂಥ ಪುಟಗಳಿಗೆ ದಾರಿ ತೋರುವುದು ಜಾಹೀರಾತುಗಳು. ಅವನ್ನು ತಡೆಯುವ ಯುಬ್ಲಾಕ್ ಒರಿಜಿನ್ ವಿಸ್ತರಣೆ ಪೂರ್ಣ ರೂಪದಲ್ಲಿ ಈಗ ಫೈರ್‌ಫಾಕ್ಸ್‌ನಲ್ಲಿ ಕೆಲಸ ಮಾಡುತ್ತದೆ. ಕ್ರೋಮ್ ಹಳೆಯ ವಿಸ್ತರಣೆಗಳ ವ್ಯವಸ್ಥೆಯನ್ನು ಕೈಬಿಟ್ಟಿರುವುದರಿಂದ ಅಲ್ಲಿ ಅದರ ಲೈಟ್ ಆವೃತ್ತಿ ಮಾತ್ರ.

ಡಿಎನ್‌ಡಿ ಹಾಕಿಸಿದ್ರೂ ಸಾಲ ಬೇಕಾ ಅಂತ ಫೋನ್ ಬರುತ್ತೆ. ಪ್ರಯೋಜನ ಏನು?

ಡಿಎನ್‌ಡಿ (ಪ್ರಚಾರದ ಕರೆ ಬೇಡವೆಂಬ ನೋಂದಣಿ) ತಡೆಯುವುದು ನೋಂದಾಯಿತ ಟೆಲಿಮಾರ್ಕೆಟಿಂಗ್‌ನವರನ್ನು. ಅವರ ಪ್ರಚಾರದ ಕರೆ 140ರಿಂದ ಶುರುವಾಗುವ ಸಂಖ್ಯೆಯಿಂದ ಬರಬೇಕು. ಸೇವೆ, ವ್ಯವಹಾರದ ಕರೆಗಳಿಗೆಂದು 1600 ಸರಣಿ ಇದೆ. ಸಾಮಾನ್ಯ ಹತ್ತಂಕಿ ಮೊಬೈಲ್‌ನಿಂದ ‘ಬ್ಯಾಂಕಿನವರು’ ಸಾಲ ಕೊಡಲು ಕರೆದರೆ ಅವರು ನಿಯಮದ ಹೊರಗಿನವರು, ಡಿಎನ್‌ಡಿ ಅವರನ್ನು ತಾನಾಗಿ ತಡೆಯದು. ದೂರು ಕೊಟ್ಟರೆ ಮಾತ್ರ ಸಂಪರ್ಕ ಕಡಿತವಾಗುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಡಿಎನ್‌ಡಿ ಆಪ್‌ನಲ್ಲಿ ಅಥವಾ 1909ಕ್ಕೆ ದೂರು ಕೊಡಿ. 2025ರ ತಿದ್ದುಪಡಿಯ ಬಳಿಕ ಕರೆ ಬಂದ 7 ದಿನದೊಳಗೆ ದೂರು ಸ್ವೀಕರಿಸುತ್ತಾರೆ, ಮೊದಲು ಡಿಎನ್‌ಡಿ ನೋಂದಣಿ ಆಗಿರಲೇಬೇಕೆಂದಿಲ್ಲ.

ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡುವ ಅಭ್ಯಾಸ ಒಳ್ಳೆಯದು: ಅಡ್ಡಗೆರೆಯ ನಂತರ ಇಂಗ್ಲಿಷಿನ ‘ಪಿ’ ಇದ್ದರೆ ಪ್ರಚಾರ, ‘ಎಸ್’ ಸೇವೆ, ‘ಟಿ’ ವ್ಯವಹಾರ, ‘ಜಿ’ ಸರ್ಕಾರ. ‘ಕರೆಂಟು ಇವತ್ತು ರಾತ್ರಿ ಕಟ್’ ಎಂಬ ಸಂದೇಶ ಹತ್ತಂಕಿ ಸಂಖ್ಯೆಯಿಂದ ಬಂದಿದ್ದರೆ ಅದು ವಂಚನೆಯೇ. ಹಣ ಹೋಗಿಲ್ಲದಿದ್ದರೂ ಇಂಥದ್ದನ್ನು ಸರ್ಕಾರದ ಸಂಚಾರ್ ಸಾಥಿ ತಾಣದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಬಹುದು. ಅದೇ ತಾಣದಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದೂ ನೋಡಿಕೊಳ್ಳಿ.

## ಖಾತೆ ಮತ್ತು ಹಣ

ವಾಟ್ಸಾಪಲ್ಲಿ ಮದುವೆ ಕರೆಯೋಲೆ ಅಂತ ಫೈಲ್ ಬಂತು, ಒತ್ತಿಬಿಟ್ಟೆ. ಏನಾಗುತ್ತೆ?

ಫೈಲ್ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಇದ್ದರೆ ಅದು ಕರೆಯೋಲೆಯಲ್ಲ, ಆಂಡ್ರಾಯ್ಡ್ ಆಪ್. ಕರೆಯೋಲೆ ಚಿತ್ರವಾಗಿ, ಪಿಡಿಎಫ್ ಆಗಿ, ವಿಡಿಯೋ ಆಗಿ ಬರುತ್ತದೆ, ಆಪ್ ಆಗಿ ಬರುವುದಿಲ್ಲ. ಟ್ರಾಫಿಕ್ ದಂಡ, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಹೆಸರಿನಲ್ಲೂ ಇದೇ ಬರುತ್ತದೆ. ಕಳಿಸಿದವರು ನಿಮ್ಮ ನೆಂಟರೇ ಆಗಿರಬಹುದು. ಅವರ ಫೋನ್ ಮೊದಲು ಕೆಟ್ಟಿದೆ, ಅಷ್ಟೆ.

ಇಳಿಸಿಕೊಂಡು ಬಿಟ್ಟಿದ್ದರೆ ಅಳಿಸಿ, ಚಿಂತೆಯಿಲ್ಲ. ‘ಅನ್‌ನೋನ್ ಆಪ್ಸ್’ ಅನುಮತಿ ಕೊಟ್ಟು ಇನ್‌ಸ್ಟಾಲ್ ಮಾಡಿದ್ದರೆ ಅದು ಎಸ್‌ಎಂಎಸ್ ಓದುವ ಅನುಮತಿ ಪಡೆದು, ಓಟಿಪಿಗಳನ್ನು ದಾಟಿಸುತ್ತಿರಬಹುದು. ಆಗ:

1. ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ.
2. ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್‌ಬ್ಯಾಂಕಿಂಗ್, ಕಾರ್ಡ್ ತಡೆಹಿಡಿಸಿ.
3. ಸೆಟ್ಟಿಂಗ್ಸ್‌ನ ಆಪ್ ಪಟ್ಟಿಯಲ್ಲಿ ಆ ಆಪ್ ತೆಗೆಯಿರಿ. ‘ಅನ್‌ಇನ್‌ಸ್ಟಾಲ್’ ಗುಂಡಿ ಮಂಕಾಗಿದ್ದರೆ ಅದು ‘ಡಿವೈಸ್ ಅಡ್ಮಿನ್’ ಅಥವಾ ‘ಆಕ್ಸೆಸಿಬಿಲಿಟಿ’ ಹಕ್ಕು ಪಡೆದಿದೆ. ಸೇಫ್ ಮೋಡ್‌ನಲ್ಲಿ ಆ ಹಕ್ಕು ಕಿತ್ತು, ಆಮೇಲೆ ತೆಗೆಯಿರಿ. ಐಕಾನ್ ಕಾಣದಿದ್ದರೆ ಆಪ್ ಹೋಗಿದೆ ಎಂದಲ್ಲ, ಇಂಥವು ಐಕಾನ್ ಅಡಗಿಸುತ್ತವೆ.
4. ಡೀಫಾಲ್ಟ್ ಎಸ್‌ಎಂಎಸ್ ಆಪ್ ಬದಲಾಗಿದೆಯೇ ನೋಡಿ. ನೆಟ್‌ವರ್ಕ್ ಮರಳಿಸಿದ ಬಳಿಕ ##002# ಡಯಲ್ ಮಾಡಿ ಕರೆ ವರ್ಗಾವಣೆಗಳನ್ನೆಲ್ಲ ರದ್ದು ಮಾಡಿ.
5. ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಅಪರಿಚಿತವಾದದ್ದನ್ನು ಹೊರಹಾಕಿ, ಆರಂಕಿಯ ಟೂ-ಸ್ಟೆಪ್ ಪಿನ್ ಇಡಿ. ಗುಂಪುಗಳಲ್ಲಿ ‘ನಾನು ಕಳಿಸಿದ ಫೈಲ್ ತೆರೆಯಬೇಡಿ’ ಎಂದು ತಿಳಿಸಿ. ಸಂಕೋಚ ಪಟ್ಟು ಇದನ್ನೇ ಬಿಟ್ಟುಬಿಡುತ್ತಾರೆ, ಸರಪಳಿ ಬೆಳೆಯುವುದು ಅಲ್ಲೇ.
6. ಫೋಟೋ ನಕಲಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ. ಬ್ಯಾಂಕ್ ಆಪ್ ಇರುವ ಫೋನಿಗೆ ಇದನ್ನು ತಪ್ಪಿಸಬೇಡಿ.

ದುಡ್ಡು ಬರಬೇಕಾದ್ರೂ ಪಿನ್ ಹಾಕಿ ಅಂತಿದಾನೆ. ಹಾಕ್ಬೇಕಾ?

ಬೇಡ. ಯುಪಿಐ ಪಿನ್ ಹಾಕಿದರೆ ನಿಮ್ಮ ಖಾತೆಯಿಂದ ಹಣ ಹೊರಗೆ ಹೋಗುತ್ತದೆ. ಹಣ ಪಡೆಯಲು ಪಿನ್ ಹಾಕುವುದೂ ಇಲ್ಲ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಇಲ್ಲ. ಓಎಲ್‌ಎಕ್ಸ್‌ನಲ್ಲಿ ಹಳೆಯ ಸೋಫಾ ಮಾರುವವರು ಇದಕ್ಕೆ ಹೆಚ್ಚು ಸಿಕ್ಕಿಬೀಳುತ್ತಾರೆ.

ದುಡ್ಡು ಹೋಯ್ತು. ಮೊದಲು ಬ್ಯಾಂಕಿಗಾ, ಪೊಲೀಸ್ ಠಾಣೆಗಾ?

ಎರಡಕ್ಕೂ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಎಟಿಎಂಗೆ ಹಾರುವ ಮೊದಲು ತಡೆಹಿಡಿಸಬೇಕು. ಮೊದಲ ಗಂಟೆಯಲ್ಲಿ ಸಿಗುವಷ್ಟು ಮಾರನೇ ದಿನ ಸಿಗುವುದಿಲ್ಲ. ಖಾತೆ ಸಂಖ್ಯೆ, ಮೊತ್ತ, ಸಮಯ, ಯುಪಿಐನ 12 ಅಂಕಿಯ ವ್ಯವಹಾರ ಸಂಖ್ಯೆ ಕೈಯಲ್ಲಿಟ್ಟುಕೊಳ್ಳಿ. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ. ನಂತರ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ಬಾಯಿಮಾತಿಗೆ ಬೆಲೆಯಿಲ್ಲ, ಲಿಖಿತ ಇರಲಿ. ಕರ್ನಾಟಕದಲ್ಲಿ ಇಂಥ ಪ್ರಕರಣಗಳಿಗೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹಾಕಿಕೊಟ್ಟ ಚೌಕಟ್ಟಿನಲ್ಲಿ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದಾಗ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಶೂನ್ಯ. 4ರಿಂದ 7 ದಿನವಾದರೆ ಮಿತಿಯುಳ್ಳ ಹೊಣೆ. ಓಟಿಪಿ, ಪಿನ್ ನೀವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಹೇಗೆ ಹೋದರೂ ಬೇಗ ತಿಳಿಸುವುದರಲ್ಲೇ ಲಾಭ. ‘ಹಣ ವಾಪಸ್ ಕೊಡಿಸುತ್ತೇವೆ, ಶುಲ್ಕ ಕಟ್ಟಿ’ ಎಂದು ಆಮೇಲೆ ಬರುವವರು ಎರಡನೇ ಸುತ್ತಿನ ಕಳ್ಳರು. ಪೊಲೀಸರ ವೇಷದಲ್ಲಿ ವಿಡಿಯೋ ಕರೆ ಮಾಡಿ ಹೆದರಿಸುವವರು ಹೇಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ.

ಪಾಸ್‌ವರ್ಡೆಲ್ಲ ಡೈರಿಯಲ್ಲಿ ಬರೆದಿಟ್ರೆ ತಪ್ಪಾ?

ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಡೈರಿ ಸಾವಿರ ಪಾಲು ಮೇಲು. ರಷ್ಯದಲ್ಲಿ ಕೂತ ಕಳ್ಳ ನಿಮ್ಮ ಬೀರು ತೆರೆಯಲಾರ. ಆದರೆ ಡೈರಿ ಇದ್ದಾಗ ಪಾಸ್‌ವರ್ಡ್ ಚಿಕ್ಕದಾಗುತ್ತದೆ, ಪ್ರತಿ ಸಲ ಟೈಪ್ ಮಾಡುವ ಬೇಜಾರು. ಪಾಸ್‌ವರ್ಡ್‌ಗಳನ್ನು ಬೀಗ ಹಾಕಿ ಇಡುವ ಕೀಪಾಸ್‌ಎಕ್ಸ್‌ಸಿ ಅಥವಾ ಬಿಟ್‌ವಾರ್ಡನ್ ಬಳಸಿ, ಎರಡೂ ಮುಕ್ತ ತಂತ್ರಾಂಶ. ಮೊದಲನೆಯದರಲ್ಲಿ ಎಲ್ಲವೂ ನಿಮ್ಮ ಬಳಿಯ ಒಂದೇ ಕಡತದಲ್ಲಿರುತ್ತದೆ, ಅದರ ನಕಲು ಇನ್ನೊಂದು ಕಡೆ ಇಡುವ ಹೊಣೆ ನಿಮ್ಮದು. ಎರಡನೆಯದು ಫೋನ್, ಕಂಪ್ಯೂಟರ್ ಎರಡರಲ್ಲೂ ತಾನೇ ಹೊಂದಿಸಿಕೊಳ್ಳುತ್ತದೆ.

ಈ ತಿಜೋರಿಯ ಮುಖ್ಯ ಪಾಸ್‌ವರ್ಡ್‌ಗೆ ಡೈಸ್‌ವೇರ್ ವಿಧಾನ ಒಳ್ಳೆಯದು. ದಾಳವನ್ನು ಐದು ಸಲ ಉರುಳಿಸಿದರೆ 7776 ಪದಗಳ ಪಟ್ಟಿಯಿಂದ ಒಂದು ಪದ, ಹೀಗೆ ಆರು ಪದ. ಹಾಡಿನ ಸಾಲು, ವಚನದ ಸಾಲು ಉದ್ದವಾಗಿದ್ದರೂ ಬೇಡ, ಪದಗಳನ್ನು ಆರಿಸಬೇಕಾದದ್ದು ದಾಳ, ನೀವಲ್ಲ. ಆ ಒಂದನ್ನು ಡೈರಿಯಲ್ಲಿ ಬರೆದಿಡಿ, ನಿಮಗೇನಾದರೂ ಆದರೆ ಮನೆಯವರಿಗೆ ಸಿಗಲಿ.

ಓಟಿಪಿ ಎಸ್‌ಎಂಎಸಲ್ಲೇ ಬರುತ್ತಲ್ಲ, ಆಥೆಂಟಿಕೇಟರ್ ಆಪ್ ಯಾಕೆ?

ನಿಮ್ಮ ಹೆಸರಲ್ಲಿ ಬೇರೆಯವರು ನಕಲಿ ಸಿಮ್ ಪಡೆದರೆ ಎಸ್‌ಎಂಎಸ್ ಅವರಿಗೆ ಹೋಗುತ್ತದೆ. ಆಪ್‌ನ ಆರಂಕಿ ಸಂಖ್ಯೆ ಫೋನಿನೊಳಗೇ 30 ಸೆಕೆಂಡಿಗೊಮ್ಮೆ ಹುಟ್ಟುತ್ತದೆ, ನೆಟ್‌ವರ್ಕ್ ಬೇಕಿಲ್ಲ. ಹೊರದೇಶದಲ್ಲಿರುವ ಕನ್ನಡಿಗರಿಗೆ ಭಾರತದ ಸಿಮ್‌ನ ರೋಮಿಂಗ್ ತಲೆನೋವೂ ತಪ್ಪುತ್ತದೆ. ಆಂಡ್ರಾಯ್ಡ್‌ಗೆ ಈಜಿಸ್ ಎಂಬ ಮುಕ್ತ ಆಪ್ ಇದೆ. ಹಾಕಿದ ದಿನವೇ ಬ್ಯಾಕಪ್ ಕಡತ ತೆಗೆದಿಡಿ, ಖಾತೆಗಳ ರಿಕವರಿ ಕೋಡ್ ಮುದ್ರಿಸಿಡಿ. ಫೋನ್ ಕಳೆದಾಗ ಖಾತೆಗೂ ಬೀಗ ಬೀಳುವುದು ಇದನ್ನು ಮಾಡದವರಿಗೆ. ಸಂಖ್ಯೆ ಸರಿಯಿದ್ದರೂ ‘ತಪ್ಪು’ ಎಂದರೆ ಫೋನಿನ ಸಮಯ ಸರಿಯಿದೆಯೇ ನೋಡಿ. ಬ್ಯಾಂಕ್ ಓಟಿಪಿ ಮಾತ್ರ ಬಹುತೇಕ ಎಸ್‌ಎಂಎಸ್‌ನಲ್ಲೇ ಬರುತ್ತದೆ, ಈ ಆಪ್ ಜಿಮೇಲ್, ಫೇಸ್‌ಬುಕ್‌ನಂಥ ಖಾತೆಗಳಿಗೆ.

ಬೆರಳಚ್ಚು ನಕಲು ಮಾಡಿ ಹಣ ತೆಗೀತಾರಂತೆ, ಓಟಿಪಿನೂ ಬರಲ್ವಂತೆ?

ಆಧಾರ್ ಬಳಸಿ ಹಣ ಕೊಡುವ ಎಇಪಿಎಸ್ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರಿನ ಜೊತೆ ಬೆರಳಚ್ಚು ಸಾಕು, ಓಟಿಪಿ ಇಲ್ಲ. ಆಧಾರ್ ಪ್ರಾಧಿಕಾರದ (ಯುಐಡಿಎಐ) ತಾಣದಲ್ಲಿ ಅಥವಾ ಅದರ ಅಧಿಕೃತ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಪಡಿತರ, ಸಿಮ್ ಖರೀದಿಗೆ ಬೆರಳು ಒತ್ತಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು.

## ಸ್ವಲ್ಪ ಆಳಕ್ಕೆ

ವಿಳಾಸದ ಪಕ್ಕ ಬೀಗ ಇದ್ರೆ ಸೈಟ್ ಸೇಫ್ ತಾನೆ?

ಬೀಗ ಹೇಳುವುದು ನಿಮ್ಮ ಮತ್ತು ಆ ತಾಣದ ನಡುವಿನ ಮಾತನ್ನು ಮೂರನೆಯವರು ಕದ್ದು ಕೇಳಲಾರರು ಎಂದಷ್ಟೆ. ತಾಣವೇ ಕಳ್ಳರದ್ದಾಗಿರಬಹುದು. ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆಗಳ ಪ್ರಮಾಣಪತ್ರ ಉಚಿತ, ಕಳ್ಳರಿಗೂ ಸಿಗುತ್ತದೆ. ಈ ತಪ್ಪು ತಿಳಿವಳಿಕೆಯಿಂದಾಗಿಯೇ ಕ್ರೋಮ್ 2023ರಲ್ಲಿ ಬೀಗದ ಚಿತ್ರ ತೆಗೆದುಹಾಕಿತು.

ವಿಳಾಸವನ್ನು ಮೊದಲ ಒಂಟಿ ಓರೆಗೆರೆಯಿಂದ ಎಡಕ್ಕೆ ಓದಿ. ‘ನಿಮ್ಮಬ್ಯಾಂಕ್ ಡಾಟ್ ಕಾಮ್ ಡಾಟ್ ಕೆವೈಸಿ-ಅಪ್‌ಡೇಟ್ ಡಾಟ್ ಟಾಪ್’ ಎಂದಿದ್ದರೆ ಒಡೆಯ ‘ಕೆವೈಸಿ-ಅಪ್‌ಡೇಟ್ ಡಾಟ್ ಟಾಪ್’, ಮುಂದಿರುವ ಬ್ಯಾಂಕಿನ ಹೆಸರು ಅಲಂಕಾರ. ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಆ ಕೊನೆ ಬ್ಯಾಂಕುಗಳಿಗಷ್ಟೇ ಸಿಗುವುದರಿಂದ ಗುರುತು ಹಿಡಿಯುವುದು ಈಗ ಸುಲಭ.

ನಮ್ಮ ಕನ್ನಡ ಸಂಘದ ಡೊಮೇನ್‌ನಿಂದ ಕಳಿಸಿದ ರಾಜ್ಯೋತ್ಸವದ ಆಮಂತ್ರಣ ಎಲ್ಲರ ಸ್ಪ್ಯಾಮ್‌ಗೆ ಹೋಗುತ್ತೆ. ಯಾಕೆ?

ನಿಮ್ಮ ಡೊಮೇನ್‌ಗೆ ಮೂರು ದಾಖಲೆಗಳು ಸರಿಯಿಲ್ಲದಿರುವ ಸಾಧ್ಯತೆ ಹೆಚ್ಚು. ಮೂರೂ ಡೊಮೇನ್ (ಜಾಲವಿಳಾಸ) ಕೊಂಡ ಕಡೆಯ ಡಿಎನ್‌ಎಸ್ ಪುಟದಲ್ಲಿ, ಅಂದರೆ ಆ ವಿಳಾಸದ ದಾಖಲೆಗಳಿರುವಲ್ಲಿ, ಸೇರಿಸುವಂಥವು.

ಎಸ್‌ಪಿಎಫ್: ನಿಮ್ಮ ಪರವಾಗಿ ಮೇಲ್ ಕಳಿಸಲು ಯಾವ ಸರ್ವರ್‌ಗೆ ಹಕ್ಕಿದೆ ಎಂಬ ಪಟ್ಟಿ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಸುದ್ದಿಪತ್ರದ ಸೇವೆ ಸೇರಿಸುವಾಗ ಎರಡನೇ ದಾಖಲೆ ಹಾಕಿದರೆ ಎರಡೂ ಕೆಡುತ್ತವೆ, ಇದ್ದದ್ದರೊಳಗೇ ಸೇರಿಸಬೇಕು. ಒಳಗಿನ ಡಿಎನ್‌ಎಸ್ ಹುಡುಕಾಟಗಳು 10 ದಾಟಬಾರದು.

ಡಿಕಿಮ್: ಪ್ರತಿ ಮೇಲ್‌ಗೆ ಬೀಳುವ ಗಣಿತದ ಸಹಿ. ಮೇಲ್ ಸೇವೆಯವರು ಕೊಡುವ ಉದ್ದನೆಯ ಸಾಲನ್ನು ನಕಲಿಸುವಾಗ ನಡುವೆ ಖಾಲಿ ಜಾಗ ನುಸುಳಿದರೆ ಸಹಿ ಹೊಂದುವುದಿಲ್ಲ.

ಡಿಮಾರ್ಕ್: ಮೇಲಿನ ಎರಡೂ ಸೋತರೆ ಏನು ಮಾಡಬೇಕೆಂಬ ನಿಮ್ಮ ಆದೇಶ. ಮೊದಲು ‘ನನ್’ ನೀತಿಯಿಂದ ಶುರು ಮಾಡಿ, ಬರುವ ವರದಿಗಳನ್ನು ಕೆಲವು ವಾರ ನೋಡಿ, ಆಮೇಲೆ ‘ಕ್ವಾರಂಟೈನ್’, ಕೊನೆಗೆ ‘ರಿಜೆಕ್ಟ್’. ಮೊದಲ ದಿನವೇ ‘ರಿಜೆಕ್ಟ್’ ಹಾಕಿದರೆ, ಮರೆತುಹೋದ ಯಾವುದೋ ಹಳೆಯ ಫಾರಂ ಕಳಿಸುವ ಮೇಲ್ ಸದ್ದಿಲ್ಲದೆ ಮಾಯವಾಗುತ್ತದೆ.

ಇಷ್ಟಾದರೂ ಸ್ಪ್ಯಾಮ್‌ಗೆ ಹೋದರೆ ಕಾರಣ ನಿಮ್ಮ ಪಟ್ಟಿ. ಹತ್ತು ವರ್ಷದ ಹಿಂದಿನ ಸದಸ್ಯರಿಗೆಲ್ಲ ಕಳಿಸಿದರೆ ಸತ್ತ ವಿಳಾಸಗಳಿಂದ ಮರಳಿ ಬರುವ ಮೇಲ್, ‘ಇದ್ಯಾರು’ ಎಂದು ಸ್ಪ್ಯಾಮ್ ಒತ್ತುವವರು, ಎರಡೂ ಸೇರಿ ಹೆಸರು ಕೆಡುತ್ತದೆ. ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು ಎನ್ನುತ್ತದೆ ಗೂಗಲ್: ಸಾವಿರಕ್ಕೆ ಮೂರು. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ವಿಳಾಸಗಳ ಮಿತಿಯೂ ಇದೆ.

ಅಂಗಡಿಯ ಡಿಸೈನ್ ಫೈಲ್‌ಗಳೆಲ್ಲ ಲಾಕ್ ಆಗಿವೆ, ಡಾಲರ್ ಕೇಳ್ತಿದಾರೆ. ಬಿಡಿಸೋಕೆ ಆಗುತ್ತಾ?

ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಇದಕ್ಕೆ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ. ಮೊದಲು ನೆಟ್‌ವರ್ಕ್ ತಂತಿ ಕಿತ್ತು, ಉಳಿದ ಯಂತ್ರಗಳನ್ನು ಬೇರ್ಪಡಿಸಿ. ಲಾಕ್ ಆದ ಕಡತವೊಂದನ್ನು ‘ನೋ ಮೋರ್ ರ‍್ಯಾನ್ಸಮ್’ ತಾಣಕ್ಕೆ ಕೊಟ್ಟರೆ ಯಾವ ಬಗೆಯದು, ಬಿಡಿಸುವ ಉಚಿತ ಸಾಧನ ಇದೆಯೇ ಎಂದು ಹೇಳುತ್ತದೆ. ಯೂರೋಪೋಲ್ ಮತ್ತು ಡಚ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ ಯೋಜನೆ ಅದು. ಈಗ ಸಾಧನ ಇಲ್ಲದಿದ್ದರೂ ಕಡತಗಳನ್ನು ಎತ್ತಿಡಿ, ಮುಂದೆ ಕೀಲಿ ಹೊರಬಂದ ಉದಾಹರಣೆಗಳಿವೆ. ಹಣ ಕೊಟ್ಟರೆ ಕೀಲಿ ಬರುತ್ತದೆಂಬ ಖಾತ್ರಿ ಇಲ್ಲ.

ಡಿಟಿಪಿ ಅಂಗಡಿಗಳಿಗೆ ಇದು ಬರುವ ದೊಡ್ಡ ದಾರಿ ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿಯ ಬೀಗ ಒಡೆದ, ತಂತ್ರಾಂಶ. ‘ಆಂಟಿವೈರಸ್ ಆಫ್ ಮಾಡಿ ಓಡಿಸಿ’ ಎಂದು ಸೂಚನೆ ಇದ್ದರೆ ಅದು ಬಾಗಿಲು ತೆರೆಯಲು ಹೇಳುತ್ತಿದೆ. ಎರಡನೆಯ ದಾರಿ ಅಪ್‌ಡೇಟ್ ಮಾಡದ ವಿಂಡೋಸ್: 2017ರ ಮೇನಲ್ಲಿ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಹಬ್ಬಿದ ರಂಧ್ರಕ್ಕೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಆಮಂತ್ರಣ ಪತ್ರಿಕೆ, ಕರಪತ್ರದಂಥ ಕೆಲಸಕ್ಕೆ ಇಂಕ್‌ಸ್ಕೇಪ್, ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶಗಳು ಸಾಕು. ಸ್ಕ್ರೈಬಸ್ 1.6ರಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ.

ಬ್ಯಾಕಪ್ ಡಿಸ್ಕ್ ಸದಾ ಯಂತ್ರಕ್ಕೆ ಸಿಕ್ಕಿಸಿದ್ದರೆ ಅದೂ ಲಾಕ್ ಆಗುತ್ತದೆ. ನಕಲಿಸಿ, ಕಿತ್ತು, ಬೀರುವಿನಲ್ಲಿಡಿ. ತಿಂಗಳಿಗೊಮ್ಮೆ ಅದರಿಂದ ಒಂದು ಕಡತ ಮರಳಿ ತೆಗೆದು ತೆರೆದು ನೋಡಿ.

ಕೋಡ್ ಎಲ್ಲರಿಗೂ ಕಾಣುತ್ತೆ ಅಂದ್ಮೇಲೆ ಕಳ್ಳನಿಗೂ ಕಾಣುತ್ತಲ್ಲ. ಓಪನ್ ಸೋರ್ಸ್ ಹೇಗೆ ಸೇಫು?

ಕಾಣುತ್ತದೆ. ‘ಸಾವಿರ ಕಣ್ಣು ನೋಡುತ್ತಿರುತ್ತವೆ’ ಎಂಬ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ. ಜಾಲತಾಣಗಳ ಗೂಢಲಿಪಿಗೆ ಬಳಕೆಯಾಗುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2012ರಲ್ಲಿ ನುಸುಳಿದ ಹಾರ್ಟ್‌ಬ್ಲೀಡ್ ದೋಷ 2014ರ ಏಪ್ರಿಲ್ ತನಕ ಎಲ್ಲರ ಕಣ್ಣೆದುರೇ ಇತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ.

ಇನ್ನೊಂದು ಮಗ್ಗುಲು ಎಕ್ಸ್‌ಝಡ್ ಪ್ರಕರಣ. ಬಹುತೇಕ ಲಿನಕ್ಸ್‌ಗಳಲ್ಲಿರುವ ಈ ಪುಟ್ಟ ಸಂಕೋಚನ ಸಾಧನವನ್ನು ನೋಡಿಕೊಳ್ಳಲು ‘ಜಿಯಾ ಟಾನ್’ ಎಂಬ ಹೆಸರಿನವರು ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವಾಗಿ ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟರು. ದೂರದಿಂದ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ತಲೆಕೆಡಿಸಿಕೊಂಡ ಎಂಜಿನಿಯರ್ ಆಂಡ್ರೆಸ್ ಫ್ರೂಂಡ್ ಅದನ್ನು ಬೆನ್ನಟ್ಟಿ 2024ರ ಮಾರ್ಚ್ 29ರಂದು ಬಯಲು ಮಾಡಿದರು. ಸಂಕೇತ ಮುಚ್ಚಿದ್ದಿದ್ದರೆ ಅನುಮಾನ ಬಂದರೂ ಬಿಚ್ಚಿ ನೋಡುವುದು ಕಷ್ಟವಿತ್ತು. ಆದರೂ ಅದು ಸಿಕ್ಕಿದ್ದರಲ್ಲಿ ಅದೃಷ್ಟದ ಪಾಲು ಇದೆ.

ದಿನಬಳಕೆಗೆ ಇದರಿಂದ ತಿಳಿಯಬೇಕಾದದ್ದು: ಆ ಆವೃತ್ತಿಗಳು ಲಿನಕ್ಸ್ ಬಗೆಗಳಾದ ಡೆಬಿಯನ್‌ನ ಪರೀಕ್ಷಾ ಶಾಖೆಗಳಿಗೆ, ಫೆಡೋರಾದ ಮುಂಗಡ ಆವೃತ್ತಿಗಳಿಗೆ ಮುಟ್ಟಿದ್ದವು. ಡೆಬಿಯನ್ ಸ್ಟೇಬಲ್ ಬಳಸುವವರಿಗೆ ತಲುಪಿರಲಿಲ್ಲ. ಮನೆಯ ಯಂತ್ರಕ್ಕೆ ಹೊಚ್ಚಹೊಸದರ ಬದಲು ಡೆಬಿಯನ್ ಸ್ಟೇಬಲ್, ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಇರುವ ಆವೃತ್ತಿ) ಅಥವಾ ಮಿಂಟ್ ಹಾಕಿ, ಭದ್ರತಾ ಅಪ್‌ಡೇಟ್‌ಗಳು ತಾವಾಗಿ ಇಳಿಯುವಂತೆ ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಒಮ್ಮೆ ಗುರುತು ಹಾಕಿಬಿಡಿ.